ಊರಿಗೆ ಬಂದ ನಂಬರು

2016ರ ಫೆಬ್ರವರಿಯ ಒಂದು ಸಂಜೆ ಅವ್ವ ಸೆರಗಿನ ತುದಿಯಲ್ಲಿ ಎರಡು ಲಾಡು ಕಟ್ಟಿಕೊಂಡು ಬಂದಳು.

"ಊರ್ಗೆ ನಂಬರ್ ಬಂದದಂತೆ ಕನ ಮಗಾ, ತಿನ್ನು" ಅಂದಳು.

"ಎಷ್ಟ್ನೇ ನಂಬರವ್ವಾ?"

"ಒಂದ್ನೇ ನಂಬ್ರಂತೆ."

"ನಿಂಗೇನ್ ಕೊಟ್ರು?"

"ಲಾಡು ಕೊಟ್ರಲ್ಲ!"

ದೇಶದ 73 ನಗರಗಳನ್ನು ಪರೀಕ್ಷೆ ಮಾಡಿ, ಯಾವುದು ಎಷ್ಟು ಸ್ವಚ್ಛ ಎಂದು ಅಂಕ ಹಾಕಿದ್ದರು. ನಮ್ಮ ಮೈಸೂರು ಮೊದಲು ಬಂದಿತ್ತು. ಅದರ ಹಿಂದಿನ ವರ್ಷ, 2015ರಲ್ಲಿ, 476 ನಗರಗಳ ಪಟ್ಟಿಯಲ್ಲೂ ನಮ್ಮೂರೇ ಮೊದಲು. ಬಸ್ ಸ್ಟ್ಯಾಂಡಿನಲ್ಲಿ, ಹೋಟೆಲಿನಲ್ಲಿ, ಕಟಿಂಗ್ ಶಾಪಿನಲ್ಲಿ ಅದೇ ಮಾತು. ಬೆಂಗಳೂರಿಗೆ ಹೋಗಿ ಬಂದವರು ಅಲ್ಲಿನ ಕಸದ ರಾಶಿ ನೆನೆದು ಮೂಗು ಮುಚ್ಚಿಕೊಂಡು, "ನಮ್ ಮೈಸೂರಲ್ಲಿ ಹಿಂಗಿಲ್ಲಪ್ಪ" ಅನ್ನುತ್ತಿದ್ದರು. ನಾವೂ ಅಂದೆವು. ಲಾಡು ತಿಂದ ಬಾಯಿ ಅದು, ಅದೇ ಮಾತು ಬಂತು.

ಅದಾಗಿ ಹದಿನೈದು ದಿನಕ್ಕೆ ಹೈಸ್ಕೂಲಿನಲ್ಲಿ ಪ್ರಬಂಧ ಸ್ಪರ್ಧೆ. ವಿಷಯ: 'ನಮ್ಮ ಮೈಸೂರು, ಸ್ವಚ್ಛ ಮೈಸೂರು'. ನಾಲ್ಕು ಪುಟ ಬರೆದೆವು. ಅರಮನೆ ಬರೆದೆವು, ಚಾಮುಂಡಿಬೆಟ್ಟ ಬರೆದೆವು, ಮಹಾರಾಜರ ದೂರದೃಷ್ಟಿ ಬರೆದೆವು, ರಸ್ತೆಯ ಎರಡೂ ಕಡೆಯ ಮರಗಳನ್ನು ಬರೆದೆವು, ನಾಗರಿಕರ ಪ್ರಜ್ಞೆಯನ್ನಂತೂ ಒಂದು ಪುಟ ಬರೆದೆವು. ಮೊದಲನೇ ಬಹುಮಾನ ಬಂತು. ಒಂದು ಪೆನ್ನು, ಒಂದು ಸ್ಟೀಲ್ ಲೋಟ.

ಆ ಶಾಲೆಯ ಮುಂದಿನ ಬೀದಿಯನ್ನು ದಿನಾ ಗುಡಿಸುತ್ತಿದ್ದವಳು ನಮ್ಮವ್ವ. ನಾಲ್ಕು ಪುಟದಲ್ಲಿ ಅವಳ ಬಗ್ಗೆ ಒಂದು ಸಾಲು ಇರಲಿಲ್ಲ. ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು. ಅವಳು ತಳ್ಳುಗಾಡಿ ತಳ್ಳಿಕೊಂಡು ಶಾಲೆಯ ಗೇಟಿನ ಮುಂದೆ ಬರೋ ಹೊತ್ತಿಗೆ ನಾವು ಕಾಂಪೌಂಡಿನ ಕಡೆ ಮುಖ ತಿರುಗಿಸಿ ನಿಲ್ಲುತ್ತಿದ್ದೆವು. ಅವಳೂ ಮಾತಾಡಿಸುತ್ತಿರಲಿಲ್ಲ. ನಮಗಿಂತ ಮೊದಲೇ ಅವಳಿಗೆ ಗೊತ್ತಾಗಿತ್ತು.

ಇಲ್ಲಿ 'ನಾವು' ಅಂತ ಬರೀತಿರೋದು ದೊಡ್ಡಸ್ತಿಕೆಗಲ್ಲ. ಮುಖ ತಿರುಗಿಸಿದ್ದು ಒಬ್ಬರಲ್ಲ. ನಮ್ಮ ಕೇರಿಯಿಂದ ಆ ಶಾಲೆಗೆ ಏಳೆಂಟು ಮಕ್ಕಳು ಹೋಗುತ್ತಿದ್ದೆವು. ಒಬ್ಬರ ಅವ್ವ ಚರಂಡಿ ಹೂಳು ಎತ್ತುತ್ತಿದ್ದಳು, ಇನ್ನೊಬ್ಬರ ಅವ್ವ ಆಸ್ಪತ್ರೆಯಲ್ಲಿ ನೆಲ ಒರೆಸುತ್ತಿದ್ದಳು, ಮತ್ತೊಬ್ಬರ ಅಜ್ಜಿ ಜಗುಲಿ ಮೇಲೆ ಕೂತು ಊದಿನಕಡ್ಡಿ ಹೊಸೆಯುತ್ತಿದ್ದಳು. ಲಾಡು ಹಂಚಿಕೊಂಡ ಹಾಗೇ ನಾಚಿಕೆಯನ್ನೂ ಹಂಚಿಕೊಂಡೇ ಬೆಳೆದೆವು. ಅದಕ್ಕೇ 'ನಾವು'.

ಬಿ.ಎ.ಗೆ ಸೇರಿದ ಮೇಲೆ ಹಾಸ್ಟೆಲಿನಲ್ಲಿ ಹಿರಿಯ ಗೆಳೆಯರೊಬ್ಬರು 1973ರ ಕತೆ ಹೇಳಿದರು. ಆ ವರ್ಷದ ನವೆಂಬರಿನಲ್ಲಿ, ಇದೇ ಮೈಸೂರಿನಲ್ಲಿ, ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದರು. ನಾಡೆಲ್ಲ ಗಲಾಟೆಯಾಯಿತು. ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು. ಬಸವಲಿಂಗಪ್ಪ ಮಂತ್ರಿ ಪದವಿ ಬಿಡಬೇಕಾಯಿತು. ಆ ಬೆಂಕಿಯೊಳಗಿಂದಲೇ ದಲಿತ ಸಂಘರ್ಷ ಸಮಿತಿ ಎದ್ದು ಬಂತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಈ ಪತ್ರಿಕೆ ಓದುವ ಗೆಳೆಯರಿಗೆ ಇದೆಲ್ಲ ಹೊಸದಲ್ಲ. ನಮಗೆ ಹೊಸದಾಗಿ ತಾಕಿದ್ದು ಇನ್ನೊಂದು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿದ್ದೂ ಅದೇ ಬಸವಲಿಂಗಪ್ಪ. ನಮ್ಮವರ ತಲೆಯಿಂದ ಬುಟ್ಟಿ ಇಳಿಸಿದ ಮನುಷ್ಯನೇ ಪುಸ್ತಕಗಳ ಕಡೆ ತಿರುಗಿ ಬೂಸಾ ಎಂದದ್ದು. ಎರಡೂ ಬೇರೆ ಬೇರೆ ಮಾತಲ್ಲ. ಆ ಬುಟ್ಟಿ ಹೊತ್ತವಳು ನಿಮ್ಮ ಪುಸ್ತಕದಲ್ಲಿ ಎಲ್ಲಿದ್ದಾಳೆ ಅನ್ನೋದೇ ಎರಡರೊಳಗಿನ ಪ್ರಶ್ನೆ.

ಅವತ್ತು ರಾತ್ರಿ ಆ ಸ್ಟೀಲ್ ಲೋಟ ನೆನಪಾಯಿತು. ಅವ್ವನಿಲ್ಲದ ನಮ್ಮ ನಾಲ್ಕು ಪುಟ ಬೂಸಾ. ಬೂಸಾ ಬರೆಯೋಕೆ ಮೇಲ್ಜಾತಿಯವರೇ ಆಗಬೇಕಿಲ್ಲ ಗೆಳೆಯರೇ, ನಾವೂ ಬರೆದಿದ್ದೆವು, ಬಹುಮಾನವನ್ನೂ ತಗೊಂಡಿದ್ದೆವು. ಆ ಪ್ರಬಂಧವನ್ನು ತಿದ್ದಿ ಬರೆಯಬೇಕು ಅಂತ ಈಗ ಕೂತಿದ್ದೇವೆ.

*

ಊರಿನ ಹೆಮ್ಮೆ ಪೂರಾ ಸುಳ್ಳಲ್ಲ. ಅಲ್ಲಿಂದಲೇ ಶುರು ಮಾಡಬೇಕು.

ಮೈಸೂರು ಅಂದರೆ ಅರಮನೆ, ದಸರಾ, ಮಲ್ಲಿಗೆ ಅಂತ ಹೊರಗಿನವರು ತಿಳಿದಿದ್ದಾರೆ. ನಮ್ಮ ತಾತನಿಗೆ ಮೈಸೂರು ಅಂದರೆ ಸೈರನ್ನು. ಯಾವ ಕಾರ್ಖಾನೆ ಎಷ್ಟು ಹೊತ್ತಿಗೆ ಕೂಗುತ್ತೆ ಅನ್ನೋದರ ಮೇಲೆ ಅವನು ಗಂಟೆ ಹೇಳುತ್ತಿದ್ದ. 1912ರಲ್ಲಿ ಇಲ್ಲಿ ಸರ್ಕಾರದ ರೇಷ್ಮೆ ನೇಯ್ಗೆ ಕಾರ್ಖಾನೆ ಶುರುವಾಯಿತು. ಮೊದಲ ಮಹಾಯುದ್ಧದಲ್ಲಿ ಜರ್ಮನಿಗೆ ಹೋಗುತ್ತಿದ್ದ ಶ್ರೀಗಂಧದ ಕೊರಡು ಹೋಗದೆ ನಿಂತಾಗ, ಎಣ್ಣೆಯನ್ನು ಇಲ್ಲೇ ತೆಗೆಯೋಣ ಎಂದು ಗಂಧದೆಣ್ಣೆ ಕಾರ್ಖಾನೆ ಹುಟ್ಟಿತು. 1924ರಲ್ಲಿ ಅಶೋಕಪುರಂ ಮಗ್ಗುಲಿಗೆ ರೈಲ್ವೆ ವರ್ಕ್‌ಶಾಪು ಬಂತು. 1937ರಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಬಂತು. ಮತ ಹಾಕಿದವರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ 1962ರ ಮಹಾಚುನಾವಣೆಯಿಂದ ಈಚೆಗೆ ಅಲ್ಲಿಂದಲೇ ಹೋಗುತ್ತದೆ, ಇಪ್ಪತ್ತೈದಕ್ಕೂ ಹೆಚ್ಚು ದೇಶಕ್ಕೆ ಹೋಗಿದೆ. ಆಮೇಲೆ ಮೋಟಾರ್ ಸೈಕಲ್ಲು, ಟೈರು, ಮಣ್ಣು ತೋಡುವ ದೊಡ್ಡ ಯಂತ್ರಗಳು.

ಆ ಶಾಯಿಯ ಮೇಲೆ ತಾತನಿಗೆ ಭಾರೀ ಪ್ರೀತಿ. "ಗೌಡನ ಬೆಳ್ಗೂ ಅದೇ ಮಸಿ, ನನ್ ಬೆಳ್ಗೂ ಅದೇ ಮಸಿ. ನಮ್ ಮೈಸೂರ್ ಮಸಿ ಕಲಾ" ಅಂತಿದ್ದ. ನಂಜನಗೂಡು ಕಡೆಯ ಒಂದು ಹಳ್ಳಿಯಲ್ಲಿ ಜೀತಕ್ಕಿದ್ದು, ಒಂದು ರಾತ್ರಿ ಹೇಳದೆ ಕೇಳದೆ ನಡೆದು ಬಂದವನು ಅವನು. ಹಳ್ಳಿ ಬಿಡಿ ಎಂದ ಬಾಬಾಸಾಹೇಬರ ಮಾತು ಅವನು ಕೇಳಿದ್ದನೋ ಇಲ್ಲವೋ, ಕಾಲು ಮಾತ್ರ ಆ ಮಾತು ಕೇಳಿತ್ತು. ಇಲ್ಲಿ ಒಂದು ಕಾರ್ಖಾನೆಗೆ ಸೇರಿದ. ನಂಬರು ಕೆತ್ತಿದ ಹಿತ್ತಾಳೆಯ ಬಿಲ್ಲೆ ಕೊಟ್ಟರು. ಹಳ್ಳಿಯಲ್ಲಿ ಅವನನ್ನು ಜಾತಿ ಸೇರಿಸಿ ಕೂಗುತ್ತಿದ್ದರು, ಗೇಟಿನಲ್ಲಿ ನಂಬರು ಹಿಡಿದು ಕೂಗಿದರು. ನಂಬರು ಹಿಡಿದು ಕರೆಸಿಕೊಳ್ಳೋದು ಅವಮಾನ ಅಂತ ಓದಿದವರು ಹೇಳುತ್ತಾರೆ. ತಾತನಿಗೆ ಅದೇ ಮೊದಲ ಮರ್ಯಾದೆ. ಕ್ಯಾಂಟೀನಿನಲ್ಲಿ ಎಲ್ಲರಿಗೂ ಒಂದೇ ಬೆಂಚು. ಬೆಂಚಿನ ಒಂದು ತುದಿ ಮಾತ್ರ ನಮ್ಮವರದ್ದಾಗಿತ್ತು, ಅದು ಬೇರೆ ಮಾತು.

ಅವನ ಹಿಂದೆ ಅಪ್ಪ ಅದೇ ಗೇಟಿಗೆ ಹೋದ. ನಾವು ಹುಟ್ಟುವ ಹೊತ್ತಿಗೆ ಆ ಗೇಟಿಗೆ ಬೀಗ ಬಿದ್ದಿತ್ತು. ಕಾರ್ಖಾನೆಯ ಹೆಸರು ಇಲ್ಲಿ ಬೇಡ. ಹೆಸರು ಬರೆದರೆ ಅದೊಂದರ ಕತೆಯಾಗುತ್ತೆ, ಬೀಗ ಬಿದ್ದದ್ದು ಒಂದಕ್ಕಲ್ಲ. ಅಪ್ಪ ಬಣ್ಣ ಹೊಡೆಯೋಕೆ ಹೋದ, ಮೂಟೆ ಹೊತ್ತ, ಕೊನೆಗೆ ಅಪಾರ್ಟ್‌ಮೆಂಟೊಂದರ ಗೇಟು ಕಾಯೋಕೆ ನಿಂತ. ಗಂಡನ ಬಿಲ್ಲೆ ಟ್ರಂಕಿನೊಳಕ್ಕೆ ಹೋದ ವರ್ಷವೇ ಅವ್ವ ಪೊರಕೆ ಹಿಡಿದಳು. ಕೈಗಾರಿಕೆಯ ಊರು ಸ್ವಚ್ಛತೆಯ ಊರಾದದ್ದು ನಮ್ಮ ಹಟ್ಟಿಯಲ್ಲಿ ಹಿಂಗೆ.

ಬಿದ್ದ ಊರು ಮತ್ತೆ ಹೆಂಗೆ ಎದ್ದಿತು ಅನ್ನೋದಕ್ಕೆ ಎಲ್ಲರಿಗೂ ಗೊತ್ತಿರೋ ಒಂದು ಉದಾಹರಣೆ ತಗೊಳ್ಳೋಣ. ಜಾವಾ ಮೋಟಾರ್ ಸೈಕಲ್ಲು. ಚೆಕ್ ದೇಶದವರ ತಾಂತ್ರಿಕ ನೆರವಿನಿಂದ 1961ರಲ್ಲಿ ಯಾದವಗಿರಿಯಲ್ಲಿ ಕಾರ್ಖಾನೆ ಶುರುವಾಯಿತು, ಉದ್ಘಾಟನೆಗೆ ಜಯಚಾಮರಾಜ ಒಡೆಯರೇ ಬಂದಿದ್ದರು. ಆಮೇಲೆ ಅದೇ ಗಾಡಿ ಯೆಜ್ಡಿ ಅನ್ನೋ ಹೆಸರಿನಲ್ಲಿ ಓಡಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆದರೂ ಪ್ರತಿ ವರ್ಷ ಜುಲೈನ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನ ಅಂತ ಮಾಡಿ, ಹಳೇ ಗಾಡಿ ಉಜ್ಜಿ ತಿಕ್ಕಿ ಮೆರವಣಿಗೆ ಹೊರಡುತ್ತಾರೆ. ಆ ಡುಬುಡುಬು ಸದ್ದು ಕೇಳಿದರೆ ಅಪ್ಪನೂ ಬೀದಿಗೆ ಬಂದು ನಿಲ್ಲುತ್ತಾನೆ. 2018ರ ನವೆಂಬರಿನಲ್ಲಿ ಜಾವಾ ಹೆಸರು ಮತ್ತೆ ಮಾರುಕಟ್ಟೆಗೆ ಬಂತು. 2022ರ ಜನವರಿಯಲ್ಲಿ ಯೆಜ್ಡಿಯೂ ಬಂತು. ಊರಿಗೆ ಊರೇ 'ನಮ್ ಗಾಡಿ ವಾಪಸ್ ಬಂತು' ಅಂದಿತು. ಆದರೆ ಹೊಸ ಗಾಡಿ ತಯಾರಾದದ್ದು ಮಧ್ಯಪ್ರದೇಶದ ಪೀತಂಪುರದಲ್ಲಿ. ಹೆಸರು ಬದುಕಿ ಬಂತು, ಹೆಸರು ಮಾಡಿದ ಕೈಗಳ ಬೀದಿಗೆ ಕೆಲಸ ಬರಲಿಲ್ಲ. ಇದರಲ್ಲಿ ಯಾರದೋ ಮೋಸ ಇದೆ ಅಂತ ನಾವು ಹೇಳುತ್ತಿಲ್ಲ. ಹೆಸರಿಗೆ ಬೆಲೆ ಕಟ್ಟಬಹುದು, ಕೊಳ್ಳಬಹುದು, ಎಲ್ಲಿಗೆ ಬೇಕಾದರೂ ಒಯ್ಯಬಹುದು. ಬೆವರನ್ನು ಹಂಗೆ ಒಯ್ಯೋಕೆ ಆಗೋದಿಲ್ಲ, ಅದು ಇದ್ದಲ್ಲೇ ಆರಿ ಹೋಗುತ್ತೆ.

2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಅದೂ ಊರಿನ ಹೆಮ್ಮೆಯೇ. ಅದೇ ವರ್ಷ ಆಗಸ್ಟಿನಿಂದ ಅದರ ಮುಖ್ಯ ರಸ್ತೆಯ ಮೇಲೆ ದ್ವಿಚಕ್ರ ವಾಹನ, ಆಟೋ, ಟ್ರಾಕ್ಟರು ಹೋಗಬಾರದು ಎಂದು ನಿಷೇಧ ಬಂತು. ಸಣ್ಣ ಗಾಡಿಯವರ ಜೀವ ಉಳಿಸೋಕೆ ಅಂದರು, ಅಪಘಾತಗಳು ಆದದ್ದೂ ನಿಜ. "ಅಂಗಾರೆ ಯೆಜ್ಡಿ ಊರ್ನೋರು ಯೆಜ್ಡೀಲಿ ಬೆಂಗ್ಳೂರ್ಗೆ ಓಗಂಗಿಲ್ಲ ಅನ್ನು" ಅಂತ ಅಪ್ಪ ನಕ್ಕ. ಪಕ್ಕದ ಸರ್ವೀಸ್ ರಸ್ತೆಯಲ್ಲಿ ಹೋಗಬಹುದು ಅಂದೆವು. "ನಮ್ಗೆ ಯಾವತ್ತೂ ಪಕ್ಕದ ರಸ್ತೆಯೇ ಬುಡು" ಅಂದ.

ಅಪ್ಪನ ಮಾತು ಪೂರಾ ನಿಜವಲ್ಲ ಅಂತಲೂ ಹೇಳಬೇಕು. ಹೆಬ್ಬಾಳದ ಇನ್ಫೋಸಿಸ್ ತರಬೇತಿ ಕೇಂದ್ರಕ್ಕೆ, 2005ರಲ್ಲಿ ಶುರುವಾದ ಆ ದೊಡ್ಡ ಆವರಣಕ್ಕೆ, ನಮ್ಮ ಕೇರಿಯ ಇಬ್ಬರು ಮಕ್ಕಳು ಎಂಜಿನಿಯರಿಂಗ್ ಮುಗಿಸಿ ಹೋದರು. ಅವರ ಕೊರಳಿನ ಗುರುತಿನ ಚೀಟಿ ನೋಡೋಕೆ ಕೇರಿಯೇ ನೆರೆಯಿತು. ತಾತ ಇದ್ದಿದ್ದರೆ ತನ್ನ ಬಿಲ್ಲೆಯನ್ನು ಅದರ ಪಕ್ಕ ಇಟ್ಟು ನೋಡುತ್ತಿದ್ದ. ಊರು ಬೆಳೆದದ್ದು ನಮಗೆ ಬೇಡ ಅಂತ ಯಾರು ಅಂದರು? ನಾವೂ ಈ ಊರನ್ನು ಬೆಳೆಸಿದವರೇ. ನಾವು ಕೇಳೋದು ಒಂದೇ, ಬೆಳೆದದ್ದರ ಲೆಕ್ಕ ಬರೆಯೋವಾಗ ನಮ್ಮ ಪುಟ ಯಾಕೆ ಖಾಲಿ?

*

ಈಗ ಸ್ವಚ್ಛತೆಯ ಮಾತಿಗೆ ಬರೋಣ. ಮೈಸೂರು ಹಿಂದಿನಿಂದಲೂ ಯೋಜನೆ ಹಾಕಿ ಕಟ್ಟಿದ ಊರು ಅಂತ ಎಲ್ಲರೂ ಹೊಗಳುತ್ತಾರೆ. ನಿಜ. ಹತ್ತೊಂಬತ್ತನೇ ಶತಮಾನದ ಕೊನೆಗೆ ಪ್ಲೇಗು ಬಂದು ಜನ ಹುಳುಗಳ ಹಾಗೆ ಸತ್ತರು. ಇಕ್ಕಟ್ಟಿನ ಗಲ್ಲಿ, ಕೊಳೆತ ಚರಂಡಿಯೇ ಕಾರಣ ಅಂತಾಯಿತು. 1903ರಲ್ಲಿ ನಗರಾಭಿವೃದ್ಧಿಗಾಗಿಯೇ ಒಂದು ಟ್ರಸ್ಟ್ ಬೋರ್ಡು ಮಾಡಿದರು. ಅಗಲ ರಸ್ತೆ, ಗಾಳಿ ಬೆಳಕಿನ ಮನೆ, ಸಾಲುಮರಗಳಿರುವ ಹೊಸ ಬಡಾವಣೆಗಳು ಬಂದವು.

ಆ ಹಳೇ ಬಡಾವಣೆಗಳಲ್ಲಿ ನೀವು ಒಂದು ಗಮನಿಸಿರಬಹುದು. ಮನೆಗಳ ಮುಂದೆ ಅಗಲ ರಸ್ತೆ. ಹಿಂದೆ, ಎರಡು ಸಾಲು ಮನೆಗಳ ಬೆನ್ನಿನ ನಡುವೆ, ಒಂದು ಕಿರಿದಾದ ಓಣಿ. ಕನ್ಸರ್‌ವೆನ್ಸಿ ಅಂತಾರೆ. ಈಗ ಅಲ್ಲಿ ಕೆಲವರು ಬೈಕು ನಿಲ್ಲಿಸುತ್ತಾರೆ, ಕೆಲವರು ಗೋಡೆ ಎಳೆದು ಒಳಕ್ಕೆ ಸೇರಿಸಿಕೊಂಡಿದ್ದಾರೆ. ಆ ಓಣಿ ಯಾರಿಗೆ ಮಾಡಿದ್ದು ಅಂತ ಇವತ್ತಿನ ಮಕ್ಕಳಿಗೆ ಗೊತ್ತಿಲ್ಲ. ಅದು ನಮಗೆ ಮಾಡಿದ್ದು. ಮುಂದಿನ ರಸ್ತೆಯಲ್ಲಿ ನಮ್ಮವರು ಕಾಣಬಾರದು, ಹಿಂದಿನಿಂದ ಬಂದು, ಹಿಂಬಾಗಿಲ ಪಕ್ಕದ ಕಕ್ಕಸಿನಿಂದ ಬುಟ್ಟಿ ತುಂಬಿಕೊಂಡು, ಹಿಂದಿನಿಂದಲೇ ಹೋಗಬೇಕು. ಅವ್ವನ ಅಜ್ಜಿ ಆ ಓಣಿಗಳಲ್ಲಿ ಮೂವತ್ತು ವರ್ಷ ನಡೆದಳು. ಯಾವ ಮನೆಯಲ್ಲಿ ಎಷ್ಟು ಜನ, ಯಾರಿಗೆ ಹೊಟ್ಟೆ ಕೆಟ್ಟಿದೆ, ಯಾರ ಮನೆಗೆ ನೆಂಟರು ಬಂದಿದ್ದಾರೆ, ಎಲ್ಲ ಅವಳಿಗೆ ಗೊತ್ತಿತ್ತು. ಆ ಮನೆಗಳ ಮುಂಬಾಗಿಲು ಹೆಂಗಿದೆ ಅಂತ ಸಾಯೋವರೆಗೂ ನೋಡಲಿಲ್ಲ. ಊರಿನ ನಕ್ಷೆ ಬರೆದವರು ಜಾತಿಯನ್ನೂ ಸ್ಕೇಲು ಹಿಡಿದು ಗೆರೆ ಎಳೆದಿದ್ದರು.

ಅವಳ ಮೊಮ್ಮಗಳು ಮುಂದಿನ ರಸ್ತೆಗೆ ಬಂದಳು. ಅದು ಸಣ್ಣ ದೂರವಲ್ಲ. ಬಸವಲಿಂಗಪ್ಪನಂಥವರು, ಸಂಘಟನೆಯವರು, ಕಾನೂನು, ಮನೆ ಮನೆಗೆ ಬಂದ ಒಳಚರಂಡಿ ಎಲ್ಲ ಸೇರಿ ನಡೆಸಿದ ದೂರ. ಆದರೆ ಬುಟ್ಟಿ ಹೋಗಿ ಪೊರಕೆ ಬಂತು, ಹಿಡಿದ ಕೈ ಅದೇ ಉಳಿಯಿತು. ಬೆಳಗಿನ ಜಾವ ಯಾವ ಊರಿನ ಯಾವ ಬೀದಿಗಾದರೂ ಹೋಗಿ ನೋಡಿ, ಗುಡಿಸುತ್ತಿರುವವರಲ್ಲಿ ಎಷ್ಟು ಜನ ನಮ್ಮವರು, ಎಷ್ಟು ಜನ ಬೇರೆಯವರು ಅಂತ ನೀವೇ ಎಣಿಸಿ.

ಅವ್ವನ ದಿನ ಹೀಗೆ. ಐದಕ್ಕೆ ಎದ್ದು, ಮುದ್ದೆ ತಿರುವಿಟ್ಟು, ಆರೂವರೆಯೊಳಗೆ ಹಾಜರಿ. ಹಾಜರಿಗೆ ಹೆಬ್ಬೆಟ್ಟು ಒತ್ತುವ ಯಂತ್ರ ಬಂದಿದೆ. ಇಪ್ಪತ್ತು ವರ್ಷ ಪೊರಕೆ ಹಿಡಿದು ಅವ್ವನ ಬೆರಳಿನ ಗೆರೆಗಳು ಸವೆದು ಹೋಗಿವೆ. ಯಂತ್ರ ಅವಳನ್ನು ಗುರುತು ಹಿಡಿಯೋದಿಲ್ಲ. ಒರೆಸಿ ಒತ್ತು, ಎಣ್ಣೆ ಹಚ್ಚಿ ಒತ್ತು ಅಂತಾರೆ. ಹಿಂದೆ ನಿಂತವರು ಗೊಣಗುತ್ತಾರೆ. ಐದು ವರ್ಷಕ್ಕೊಮ್ಮೆ ಅವಳ ತೋರುಬೆರಳಿಗೆ ನಮ್ಮೂರಿನ ಮಸಿ ಹತ್ತುತ್ತದೆ, ದಿನಾ ಬೆಳಿಗ್ಗೆ ಹೆಬ್ಬೆಟ್ಟು ಮಾತ್ರ ಹತ್ತೋದಿಲ್ಲ. ಆಮೇಲೆ ಸೀಟಿ ಊದುತ್ತಾ ಮನೆ ಮನೆಗೆ ಹೋಗಬೇಕು. ಹಸಿ ಕಸ ಬೇರೆ, ಒಣ ಕಸ ಬೇರೆ. ಮೈಸೂರಿನ ಜನ ಕಸ ವಿಂಗಡಿಸಿ ಕೊಡುತ್ತಾರೆ ಅನ್ನೋದು ಹೆಮ್ಮೆಯ ಮಾತು. ಹಲವರು ಕೊಡುತ್ತಾರೆ, ಅವ್ವನೇ ಹೇಳುತ್ತಾಳೆ. ಕೆಲವರು ಎಲ್ಲ ಒಂದರಲ್ಲೇ ಕಟ್ಟಿ ಕೈಗೆ ತಾಕದಂತೆ ಮೇಲಿಂದ ಎಸೆಯುತ್ತಾರೆ. ಆಗ ವಿಂಗಡಿಸೋದು ಅವ್ವನ ಬೆರಳು. ಒಡೆದ ಗಾಜು, ಬ್ಲೇಡು, ಮಗುವಿನ ಹೇಲು. ನಾಗರಿಕರ ಪ್ರಜ್ಞೆ ಅಂತ ನಾವು ಒಂದು ಪುಟ ಬರೆದಿದ್ದೆವಲ್ಲ, ಅದರಲ್ಲಿ ಅರ್ಧ ಪುಟ ಈ ಬೆರಳಿನದ್ದು.

2016ರ ಆ ಪರೀಕ್ಷೆಗೆ ಒಟ್ಟು 2000 ಅಂಕ. ಅದರಲ್ಲಿ 1000 ನಗರಾಡಳಿತದವರು ತಾವೇ ಕೊಟ್ಟ ಲೆಕ್ಕಕ್ಕೆ, 500 ಬಂದು ನೋಡಿದವರ ವರದಿಗೆ, 500 ನಾಗರಿಕರ ಅಭಿಪ್ರಾಯಕ್ಕೆ. ನಮ್ಮವ್ವ ಈ ಮೂರರಲ್ಲಿ ಎಲ್ಲಿದ್ದಾಳೆ ಅಂತ ಹುಡುಕಿದೆವು. ನಾಗರಿಕರ ಪಾಲಿನಲ್ಲಿ ಇರಬೇಕಿತ್ತು. ಅವಳನ್ನು ಯಾರೂ ಕೇಳಲಿಲ್ಲ. ಮರುವರ್ಷ 2017ರಲ್ಲಿ ಇಂದೋರ್ ಮೊದಲು ಬಂತು, ಮೈಸೂರು ಐದನೆಯದಾಯಿತು. ಊರು ಮುಖ ಸಣ್ಣ ಮಾಡಿಕೊಂಡಿತು. ಅವತ್ತು ಲಾಡು ಇಲ್ಲ, ಬೈಗುಳ. ಗೆದ್ದಾಗ ಊರು ಗೆದ್ದಿತು, ಸೋತಾಗ ಪೊರಕೆ ಸೋತಿತು.

ಇನ್ನೊಂದು ಮಾತು. ಊರು ಸ್ವಚ್ಛವಾಗಬೇಕಾದರೆ ಅದರ ಕಸ ಎಲ್ಲಿಗಾದರೂ ಹೋಗಲೇಬೇಕು. ವಿದ್ಯಾರಣ್ಯಪುರಂ ಸೂಯೇಜ್ ಫಾರಂಗೆ ಒಮ್ಮೆ ಹೋಗಿ ನೋಡಿದವರಿಗೆ ಗೊತ್ತು. ವರ್ಷಗಟ್ಟಲೆ ಅಲ್ಲಿ ಕಸ ಬೆಟ್ಟವಾಗಿ ಬೆಳೆಯಿತು. ಸುತ್ತಲಿನ ಬಡಾವಣೆಯವರು ವಾಸನೆ ತಡೀಲಾರದೆ ಎಷ್ಟೋ ಸಲ ಬೀದಿಗೆ ಬಂದು ಕೂಗಿದರು. ಒಂದು ಕಡೆ ಚಾಮುಂಡಿಬೆಟ್ಟ, ಅದಕ್ಕೆ ಎದುರಾಗಿ ಕಸದ ಬೆಟ್ಟ. ಪ್ರವಾಸಿಗರಿಗೆ ಒಂದೇ ಬೆಟ್ಟ ತೋರಿಸುತ್ತೇವೆ.

*

2022ರ ಜುಲೈ ಒಂದನೇ ತಾರೀಕು. ಕಾಯಂ ಮಾಡಿ ಎಂದು ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಕೂತರು. ಅವ್ವನೂ ಹೋಗುತ್ತೇನೆ ಅಂದಳು. ಕೆಲಸ ಕಳೆದುಕೊಂಡರೆ ಅಂತ ಅಪ್ಪನಿಗೆ ಭಯ. ಗೇಟಿಗೆ ಬೀಗ ಬಿದ್ದದ್ದನ್ನು ಕಣ್ಣಾರೆ ಕಂಡವನು.

"ನಿನ್ ಕಾರ್ಖಾನೆ ಮುಚ್ಚುದ್ರೆ ಊರು ನಿಲ್ನಿಲ್ಲ. ನಾವು ನಿಂತ್ರೆ ಊರು ನಿಲ್ತದೆ, ನೋಡ್ತಿರು" ಅಂದಳು ಅವ್ವ.

ಅವಳ ಬಾಯಲ್ಲಿ ಅಷ್ಟು ದೊಡ್ಡ ಮಾತು ನಾವು ಅವತ್ತಿನವರೆಗೆ ಕೇಳಿರಲಿಲ್ಲ. ನಾವು ಪುಸ್ತಕದಿಂದ ಕಲಿತಿದ್ದ ಶ್ರಮ, ಬಂಡವಾಳ, ವರ್ಗ ಅನ್ನೋ ಪದಗಳೆಲ್ಲ ಆ ಎರಡು ವಾಕ್ಯದ ಮುಂದೆ ಸಪ್ಪೆಯಾದವು. ನಾವೂ ಅವಳ ಜೊತೆ ಹೋದೆವು. ಬಿಸಿಲಲ್ಲಿ ಕೂತೆವು. ಹಾಡು ಹೇಳೋಕೆ ಬರುವವರು ಹಾಡಿದರು, ನಾವು ತಮಟೆ ಹಿಡಿದೆವು. ಎರಡನೇ ದಿನಕ್ಕೆ ಬೀದಿ ಮೂಲೆಗಳಲ್ಲಿ ಚೀಲಗಳು ಗುಡ್ಡೆ ಬಿದ್ದವು, ಮೂರನೇ ದಿನಕ್ಕೆ ನಾರಿತು. ಮೊದಲ ಬಾರಿಗೆ ಜನ ಕೇಳಿದರು, "ಗುಡಿಸೋರು ಎಲ್ಲಿ?" ಇದ್ದಾಗ ಕಾಣದವರು ಇಲ್ಲದಾಗ ಕಂಡರು. ನಾಲ್ಕು ದಿನಕ್ಕೆ ಸರ್ಕಾರ ಮಾತು ಕೊಟ್ಟಿತು. ಆ ಸೆಪ್ಟೆಂಬರಿನಲ್ಲಿ ರಾಜ್ಯದ 11,133 ಪೌರಕಾರ್ಮಿಕರನ್ನು ಕಾಯಂ ಮಾಡಲು ಮಂತ್ರಿಮಂಡಲ ಒಪ್ಪಿತು. ಅವ್ವನ ಸರದಿ ಇನ್ನೂ ಬಂದಿಲ್ಲ. ಆದರೂ ಅವಳು ಈಗ ಸೀಟಿ ಊದುವ ಸದ್ದೇ ಬೇರೆ.

ಅಂದು ಸಂಜೆ ವಾಪಸು ಬರುವಾಗ ನಮ್ಮ ಹಳೇ ಹೈಸ್ಕೂಲಿನ ಮುಂದೆ ಬಂದೆವು. ಆ ಕಾಂಪೌಂಡು, ಆ ಗೇಟು. ಅವ್ವ ಪಕ್ಕದಲ್ಲಿದ್ದಳು. ಹೇಳಬೇಕು ಅನ್ನಿಸಿತು, ಹೇಳಿದೆವು. ಪ್ರಬಂಧದ ವಿಷಯ, ಲೋಟದ ವಿಷಯ, ಮುಖ ತಿರುಗಿಸಿದ ವಿಷಯ. ಅವಳು ನಡೆಯೋದು ನಿಲ್ಲಿಸಲಿಲ್ಲ.

"ನಂಗೊತ್ತಿತ್ತು ಬುಡು. ಅದ್ಕೇ ನಾನು ಆ ಗೇಟ್ ತಾವ ಗಾಡಿನ ಜೋರಾಗಿ ತಳ್ತಿದ್ದೆ" ಅಂದಳು.

ಬಯ್ದಿದ್ದರೆ ಒಳ್ಳೆಯದಿತ್ತು.

ಈಗ ನಾವು ಪದವೀಧರರು. ನಮ್ಮ ಮನೆತನದಲ್ಲಿ ಮೊದಲು. ಕವಿತೆ ಬರೆಯುತ್ತೇವೆ, ಸಭೆಗಳಲ್ಲಿ ಓದುತ್ತೇವೆ, ಚಪ್ಪಾಳೆಯೂ ಬೀಳುತ್ತದೆ. ಹೊರಗಿನವರು ಮೈಸೂರಿಗೆ ಬಂದು "ಎಷ್ಟು ಚಂದದ ಊರು ನಿಮ್ಮದು" ಎಂದಾಗ ಎದೆ ಉಬ್ಬುವುದೂ ನಿಜ. ಆ ಹೆಮ್ಮೆಯನ್ನು ಬಿಟ್ಟುಕೊಡುವುದಿಲ್ಲ. ಯಾಕೆ ಬಿಡಬೇಕು? ರೇಷ್ಮೆಯ ಎಳೆಯಲ್ಲಿ, ಗಂಧದ ಬಾಯ್ಲರಿನ ಬಿಸಿಯಲ್ಲಿ, ಊದಿನಕಡ್ಡಿ ಹೊಸೆದ ಅಜ್ಜಿಯ ಅಂಗೈಯ ಕಪ್ಪಿನಲ್ಲಿ, ಗುಡಿಸಿದ ರಸ್ತೆಯ ಮೇಲೆ ಸೂರ್ಯ ಹುಟ್ಟುವ ಮೊದಲು ಮೂಡುವ ಪೊರಕೆಯ ಗೆರೆಗಳಲ್ಲಿ ನಮ್ಮ ಪಾಲಿದೆ. ಹೆಮ್ಮೆಯನ್ನು ಊರೆಲ್ಲ ಹಂಚಿಕೊಳ್ಳೋದಾದರೆ ಕೆಲಸವನ್ನು ಯಾಕೆ ಒಂದೇ ಕೇರಿ ಮಾಡಬೇಕು? ಕೆಲಸ ನಮ್ಮದೇ ಆದರೆ ಹೆಮ್ಮೆಯಲ್ಲಿ ನಮ್ಮ ಹೆಸರು ಯಾಕಿಲ್ಲ? ಇಷ್ಟೇ ನಮ್ಮ ತಕರಾರು. ಹಳ್ಳಿಯ ಶಾಲೆಗಳಲ್ಲಿ ಪಾಠ ಮಾಡುವ ಗೆಳೆಯರಲ್ಲಿ ಒಂದು ಬೇಡಿಕೆಯೂ ಇದೆ. ನಿಮ್ಮ ಮಕ್ಕಳಿಗೆ ಊರಿನ ಬಗ್ಗೆ ಪ್ರಬಂಧ ಬರೆಸುವಾಗ, ಈ ಊರನ್ನು ಬೆಳಿಗ್ಗೆ ಮೊದಲು ನೋಡುವವರು ಯಾರು ಅಂತ ಕೇಳಿ. ತರಗತಿಯಲ್ಲಿ ಒಂದು ಮಗು ತಲೆ ತಗ್ಗಿಸಿದರೆ ಅದನ್ನು ನಿಲ್ಲಿಸಬೇಡಿ, ಅದರ ಪಕ್ಕ ಹೋಗಿ ನೀವು ನಿಲ್ಲಿ.

ಇದನ್ನು ಬರೆದು ಮುಗಿಸಿ ಅವ್ವನಿಗೆ ಓದಿ ಹೇಳಿದೆವು. ಭಾನುವಾರ. ಅವಳು ಜಗುಲಿಯ ಮೇಲೆ ಕೂತು ತೆಂಗಿನ ಗರಿ ಸೀಳಿ ಕಡ್ಡಿ ತೆಗೆದು ಪೊರಕೆ ಕಟ್ಟುತ್ತಿದ್ದಳು. ಕೊನೆಯವರೆಗೂ ಕೇಳಿದಳು. ಕಡ್ಡಿಯ ತಲೆಯನ್ನು ಕಲ್ಲಿನ ಮೇಲೆ ಕುಟ್ಟಿ ಸಮ ಮಾಡಿದಳು.

"ಎಲ್ಲಾ ಬರ್ದಿದೀಯ ಮಗಾ. ಈ ಪೊರಕೆ ಕಡ್ಡಿಗೆ ನಾವೇ ಕೈಯಿಂದ ದುಡ್ಡಾಕ್ತೀವಿ ಅನ್ನೋದ ಬರೀನಿಲ್ವಲ್ಲ? ಬರಿ ಅದ್ನ."

ಅದನ್ನೂ ಬರೆದಿದ್ದೇವೆ.